ಮ್ಯಾನೇಜರ್ ಬಂದ್ರೆ ಮಾತ್ರ ದುಡ್ಡು

ಕಾರವಾರದ ‘ನಗೆಬುಟ್ಟಿ ಈವೆಂಟ್ಸ್’ ಕಂಪನಿಯಲ್ಲಿ ಮೂವರಿದ್ದರು. ಫೋನ್ ಎತ್ತಲು ದಮಯಂತಿ, ದರ ಮಾತಾಡಲು ಮ್ಯಾನೇಜರ್ ಮಧುಕೇಶ್ವರ, ಮಕ್ಕಳ ಹುಟ್ಟುಹಬ್ಬಕ್ಕೆ ಹೋಗಿ ಮಿಮಿಕ್ರಿ ಮಾಡಲು ಚೈತ್ರಾ. ಮೂವರಿಗೂ ಸೇರಿ ಬಾಯಿ ಒಂದೇ. ಅದು ನನ್ನದು, ಅಂದರೆ ಚೈತ್ರಾಳದು.

ಹೀಗೆ ಮಾಡದೆ ಉಪಾಯವಿರಲಿಲ್ಲ. ಒಬ್ಬಳೇ ಹುಡುಗಿ ಅಂತ ಗೊತ್ತಾದರೆ ಜನ, “ಐನೂರು ಕೊಡ್ತೇವೆ, ಊಟನೂ ಮಾಡ್ಕಂಡು ಹೋಗು” ಅನ್ನುತ್ತಾರೆ. ಕಂಪನಿ ಅಂದರೆ ಸ್ವಲ್ಪ ಗೌರವ. ಆದರೂ ದರ ಹೇಳಿದೊಡನೆ ಆದರ ಇಳಿಯುತ್ತಿತ್ತು. ಎರಡು ತಿಂಗಳಲ್ಲಿ ಬಂದ ಫೋನು ಹನ್ನೊಂದು, ಬುಕಿಂಗ್ ಒಂದೂ ಇಲ್ಲ. ಕಡೆಗೆ ನನ್ನ ಆಯಿ, ಅಂದರೆ ಅಮ್ಮ, ಬಿ.ಎಡ್. ಅರ್ಜಿಯನ್ನು ನನ್ನ ಊಟದ ತಟ್ಟೆಯ ಪಕ್ಕದಲ್ಲೇ ತಂದಿಟ್ಟಳು.

“ನೋಡು ಕೂಸೇ, ಈ ತಿಂಗಳೊಳಗೆ ಒಂದಾದ್ರೂ ಕಾರ್ಯಕ್ರಮ ಆಗ್ದಿದ್ರೆ ಇದನ್ನ ತುಂಬೂದೇ ಸೈ.”

ತಿಂಗಳು ಅಂದರೆ ಮೇ. ಉಳಿದದ್ದು ಒಂಬತ್ತು ದಿನ. ಫೋನ್ ಬಂದದ್ದು ಆಗಲೇ.

“ಹಲೋ, ನಗೆಬುಟ್ಟಿ, ದಮಯಂತಿ ಉಲಯ್ತಾ,” ಎಂದೆ, ‘ಮಾತಾಡ್ತಿದ್ದೇನೆ’ ಅನ್ನುವ ಕೊಂಕಣಿಗೆ ಇನ್ನಷ್ಟು ಸಕ್ಕರೆ ಬೆರೆಸಿ.

“ಉಲಿಯೂದು ಆಮೇಲೆ, ಮೊದ್ಲು ರೇಟ್ ಹೇಳು. ನಾ ಭಾವಿಕೇರಿ ಗಂಗಿ. ಅಂಕೋಲೆ ಪೇಟೇಲಿ ಇಶಾಡ ಮಾವಿನಹಣ್ಣು ಮಾರ್ತೆ. ಬರೂ ಆಯ್ತವಾರ ನಮ್ಮ ಮೊಮ್ಮಗಳು ದೀಪಾಗೆ ಐದು ತುಂಬ್ತದೆ.”

“ಒಂದೂವರೆ ಗಂಟೆಗೆ ಐದು ಸಾವಿರ, ಅಮ್ಮಾ.”

“ಐದು ವರ್ಷಕ್ಕೆ ಐದು ಸಾವ್ರವಾ? ಹಾಂಗಾರೆ ನನ್ನ ಹುಟ್ಟಿದ ಹಬ್ಬಕ್ಕೆ ಅರವತ್ತೆರಡು ಸಾವ್ರ ತಕಂತ್ಯಾ?”

ದರದ ಮಾತು ದಮಯಂತಿಯ ಕೆಲಸವಲ್ಲ. ಮ್ಯಾನೇಜರಿಗೆ ಕೊಡ್ತೇನೆ ಎಂದಳು. ನಾನು ಚಪ್ಪಲಿ ಮೆಟ್ಟಿ ಕೋಣೆಯಲ್ಲೇ ನಾಲ್ಕು ಹೆಜ್ಜೆ ಹಾಕಿ, ಕುರ್ಚಿ ಎಳೆದು, ಬಾಯಲ್ಲಿ ಎಲೆಯಡಿಕೆ ಕವಳ ಇದ್ದವರ ದನಿ ತೆಗೆದೆ. “ಹೂಂ. ಮಧುಕೇಶ್ವರ.”

“ತಮ್ಮಾ, ನಿಮ್ಮ ದಮಯಂತಿ ಎರಡೂವರೆ ಅಂದ್ಳಲ್ಲ?”

ದಮಯಂತಿ ಹಾಗೆ ಅಂದಿರಲಿಲ್ಲ. ನನಗೆ ಅದು ಖಂಡಿತ ಗೊತ್ತು. ಆದರೆ ಈಗಷ್ಟೇ ನಡೆದು ಬಂದ ಮಧುಕೇಶ್ವರನಿಗೆ ಗೊತ್ತಿರುವುದು ಹೇಗೆ? ಕರೆದು ಕೇಳಲೇಬೇಕಾಯಿತು.

“ದಮಯಂತೀ, ನೀ ಎರಡೂವರೆ ಹೇಳಿದ್ಯಾ?”

“ಇಲ್ಲ ಸರ್!”

“ಕೇಳಿದ್ರಾ ಅಮ್ಮಾ? ಇಲ್ಲ ಅಂತಾಳೆ.”

“ಅಯ್ಯ, ನಿನ್ನ ಹೆದ್ರಿಕೆಗೆ ಸುಳ್ಳು ಹೇಳ್ತದೆ, ಪಾಪ. ಅದಕ್ಕೆ ಬೈಬೇಡ ತಮ್ಮಾ.”

ದಮಯಂತಿಯ ಮೇಲೆ ನನಗೇ ಕನಿಕರ ಹುಟ್ಟಿತು. ಮಧುಕೇಶ್ವರ ನಾಲ್ಕಕ್ಕೆ ಇಳಿದ.

“ಇರ್ಲಿ. ಹಣ್ಣು ತಕಂಬವ್ರಿಗೆ ನಾ ಒಂದು ಹೋಳು ಕೊಯ್ದು ಕೊಡ್ತೆ, ರುಚಿ ನೋಡೂಕೆ. ನಿಮ್ದೂ ಒಂದು ಹೋಳು ಬರ್ಲಿ.”

ಚೈತ್ರಾ ಬಂದು ಕೋಳಿ ಕೂಗಿದಳು. “ಅಡ್ಡಿಲ್ಲ. ಎಮ್ಮೆ ಬರ್ತದ್ಯಾ?” ಎಮ್ಮೆಯೂ ಬಂತು. ಮಿಕ್ಸರ್ ಬಂತು, ರೈಲು ಬಂತು, ಬೆಕ್ಕುಗಳ ಜಗಳ ಬಂತು. ಹೋಳಿಗೊಂದು ಚೌಕಾಸಿಯಾಗಿ ಅರ್ಧ ಹಣ್ಣು ಖರ್ಚಾಗುವ ಹೊತ್ತಿಗೆ ದರ ಎರಡೂವರೆ ಸಾವಿರಕ್ಕೆ ಬಂದು ನಿಂತಿತ್ತು. ಒಪ್ಪಿಕೊಂಡೆವು, ಮೂವರೂ.

“ಒಂದು ಮಾತು,” ಎಂದಳು ಗಂಗಿ. “ಹೋದ ವರ್ಷ ಪಕ್ಕದ ಮನೆಗೆ ಬಂದ ಜಾದೂಗಾರ ಮುಂಗಡ ತಕಂಡು ಅರ್ಧಕ್ಕೇ ಎದ್ದು ಹೋದ. ಕೇಳೂಕೆ ಜನ ಇಲ್ಲ. ನಿಮ್ಮ ಮ್ಯಾನೇಜರ್ ಸೈತ ಬರ್ಬೇಕು. ಅವ ಬಂದ್ರೆ ಮಾತ್ರ ದುಡ್ಡು.”

ಆಯಿಗೆ ಬುಕಿಂಗ್ ಆಯಿತು ಎಂದೆ. “ಆಗೂದು ಬೇರೆ, ದುಡ್ಡು ಬರೂದು ಬೇರೆ,” ಎಂದು ಅವಳು ಅರ್ಜಿಯನ್ನು ತಟ್ಟೆಯ ಪಕ್ಕದಿಂದ ಲೋಟದ ಪಕ್ಕಕ್ಕೆ ಸರಿಸಿದಳು, ಅಷ್ಟೇ.

ಭಾನುವಾರ ಸಂಜೆ ಗೊಂಬೆಗಳ ಚೀಲ ಹೊತ್ತು ಭಾವಿಕೇರಿ ತಲುಪಿದೆ. ಅಂಗಳದಲ್ಲಿ ಬಲೂನು, ಬಾಳೆಕಂಬ, ಮೂವತ್ತು ಮಕ್ಕಳು. ಗಂಗಿ ಬೇಲಿಬಾಗಿಲಿನ ದಣಪೆಯ ಹತ್ತಿರವೇ ನಿಂತಿದ್ದಳು. ಮೂಗಿನಲ್ಲಿ ದೊಡ್ಡ ನತ್ತು, ಸೊಂಟದಲ್ಲಿ ದುಡ್ಡಿನ ಚೀಲ.

“ಮ್ಯಾನೇಜರ್ ಎಲ್ಲಿ?”

“ಹಿಂದೆ ಬರ್ತಿದಾರೆ.” ಸುಳ್ಳಲ್ಲ, ಗಂಟಲಿನ ಹಿಂದೆಯೇ ಇದ್ದ.

ಶುರು ಮಾಡಿದೆ. ಅವರ್ಸೆಗೆ ಹೋಗುವ ಬಸ್ಸಿನ ಕಂಡಕ್ಟರ್ ದನಿಯಲ್ಲಿ “ಅವರ್ಸಾ, ಅವರ್ಸಾ, ಒಳಗೆ ಸರೀರಿ!” ಎಂದ ಕೂಡಲೇ ಮಕ್ಕಳು ತಾವಾಗಿಯೇ ಒತ್ತೊತ್ತಾಗಿ ಬಸ್ಸಾಗಿಬಿಟ್ಟರು. ನಾನು ಬ್ರೇಕ್ ಹಾಕಿದರೆ ಮೂವತ್ತೂ ಮುಂದಕ್ಕೆ ಬಿದ್ದು ನಗುತ್ತಿದ್ದರು. ಕಾಲೇಜಿನ ಯಾವ ವೇದಿಕೆಯಲ್ಲೂ ನನಗೆ ಹೀಗೆ ಮೈ ಜುಮ್ಮೆಂದಿರಲಿಲ್ಲ. ಬಸ್ಸು ಭರ್ತಿ ಓಡುತ್ತಿರುವಾಗ ಗಂಗಿ ನಡುವೆ ಬಂದು ಕೈ ಅಡ್ಡ ಹಿಡಿದಳು.

“ನಿಲ್ಸು. ಮ್ಯಾನೇಜರ್ ಬಂದ ಮೇಲೆ ಉಳಿದದ್ದು. ಮಾತು ಅಂದ್ರೆ ಮಾತು.”

ಮಕ್ಕಳ ಬಸ್ಸು ನಿಂತಿತು. ಅರ್ಜಿ ಕಣ್ಣಮುಂದೆ ಬಂತು. ಇನ್ನು ಬೇರೆ ದಾರಿಯಿರಲಿಲ್ಲ. “ಹೂಂ. ಮಧುಕೇಶ್ವರ,” ಎಂದೆ, ಅವಳ ಮುಖ ನೋಡುತ್ತಲೇ.

ಗಂಗಿ ನನ್ನ ಹಿಂದೆ ಇಣುಕಿದಳು. ಯಾರೂ ಇಲ್ಲ. ಮತ್ತೆ ನನ್ನ ಬಾಯಿ ನೋಡಿದಳು.

“ಹಾಂಗಾರೆ ದಮಯಂತಿ?”

“ಉಲಯ್ತಾ,” ಎಂದಳು ದಮಯಂತಿ, ಅಳು ಬಂದವಳ ಹಾಗೆ.

ಮಕ್ಕಳು ಕಿರುಚಿದರು. ಗಂಗಿ ಮಾತ್ರ ನಗಲಿಲ್ಲ. ಅಷ್ಟರಲ್ಲಿ ಜರಿ ಲಂಗದ ದೀಪಾ ನನ್ನ ಕೈ ಜಗ್ಗಿದಳು. “ನಮ್ಮ ಅಜ್ಜಿದ್ ಮಾಡು! ಅಜ್ಜಿದ್!”

ಮುಳುಗಿದವಳಿಗೆ ಚಳಿಯೇನು? ಸೊಂಟಕ್ಕೆ ಕೈಯಿಟ್ಟು, ಮೂಗಿನಲ್ಲಿ ಇಲ್ಲದ ನತ್ತನ್ನು ಸರಿಮಾಡಿಕೊಂಡು, ಗಂಗಿಯ ದನಿಯಲ್ಲೇ ಗಂಗಿಯನ್ನು ಕೇಳಿದೆ: “ಏ ತಂಗಿ, ಈ ಚೈತ್ರಾ ಅಂಬೂ ಹಣ್ಣು ಹ್ಯಾಂಗೆ? ಸಣ್ಣದು, ಬಾಡಿದ್ದು. ಎರಡೂವರೆಗೆ ಕೊಡು.”

ಗಂಗಿಯ ಹುಬ್ಬು ಏರಿತು. ನಲವತ್ತು ವರ್ಷ ಬುಟ್ಟಿಯ ಹಿಂದೆ ಕೂತು ಹಣ್ಣು ಮಾರಿದವಳು ಅವಳು. ಎದುರಿನಿಂದ ಯಾರಾದರೂ ಹೀಗೆ ಕೇಳಿದರೆ ಬರುವ ಉತ್ತರ ತಾನಾಗಿಯೇ ಬಂತು.

“ಕೈ ತೆಗಿ ಮಾರಾಯ್ತಿ! ಒತ್ತಿ ನೋಡಿ ಬಿಟ್ಟು ಹೋಗೂಕೆ ಬಂದ್ಯಾ? ಸಣ್ಣದಂತೆ! ಒಂದೇ ಸಿಪ್ಪೆ ಒಳಗೆ ಮೂರು ಜನ ಇದಾರೆ. ಅಂಕೋಲೆ ಇಡೀ ಹುಡುಕು, ಸಿಕ್ತದ್ಯಾ?”

“ಮೂರು ಕೊಡ್ತೆ.”

“ಮುಂದೆ ಹೋಗು.”

“ಮೂರೂವರೆ. ಬೋಣಿ ಹೊತ್ತು, ಬಾಯಿ ಮಾಡ್ಬೇಡ.”

“ನಾಲ್ಕು! ಒಂದು ರೂಪಾಯಿ ಕಡಿಮೆ ಇಲ್ಲ. ಬೇಕಾದ್ರೆ ತಕ, ಇಲ್ದಿದ್ರೆ ಬಿಡು!”

“ಆಯ್ತು, ನಾಲ್ಕು!” ಎಂದೆ, ಗಂಗಿಯಾಗಿಯೇ.

ಸೊಸೆ ರೂಪಾ ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅತ್ತೇ,” ಎಂದಳು ಮೆಲ್ಲಗೆ, “ದುಡ್ಡು ಕೊಡೂದು ನೀವೇ ಅಲ್ಲ?”

ಗಂಗಿ ಸೊಸೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು, ನತ್ತು ಕುಣಿಯಿತು, ಅಂಗಳಕ್ಕೆ ಅಂಗಳವೇ ಬಿದ್ದು ನಕ್ಕಿತು. ಕಣ್ಣೊರೆಸಿಕೊಂಡು ಸೊಂಟದ ಚೀಲ ಬಿಚ್ಚಿದಳು.

“ಪೇಟೇಲಿ ಗಂಗಿ ಹೇಳಿದ ರೇಟ್ ಇಳಿದದ್ದು ಇಲ್ಲ. ತಕ, ನಾಲ್ಕು. ಆದ್ರೆ ತಂಗಿ, ನಿಮ್ಮ ಮ್ಯಾನೇಜರ್ ಒಂದು ದಡ್ಡ. ನನ್ನ ಒಂದು ಸುಳ್ಳಿಗೆ ಸಾವ್ರ ಇಳ್ಸ್ದ.”

ಕೇಕ್ ಕತ್ತರಿಸಿದ ಮೇಲೆ ಅವರ್ಸೆಯಿಂದ ಬಂದಿದ್ದ ನೆಂಟಳು ಸುಕ್ರಿ ನನ್ನ ಹತ್ತಿರ ಸರಿದಳು. “ಜೂನಿನಲ್ಲಿ ನಮ್ಮನೆ ಮಾಣಿದು ಹುಟ್ಟಿದ ಹಬ್ಬ ಅದೆ. ಎಷ್ಟು ತಕಂತೆ?”

ನನ್ನ ಬಾಯಿ ತುಂಬ ಪಾಯಸ. ನುಂಗಿ ಮೂವರಲ್ಲಿ ಯಾರ ದನಿ ತೆಗೆಯಲಿ ಎಂದು ಯೋಚಿಸುವಷ್ಟರಲ್ಲಿ ಗಂಗಿ ನಮ್ಮಿಬ್ಬರ ನಡುವೆ ಬಂದು ಕೂತಳು.

“ನೀ ಉಣ್ಣು,” ಎಂದಳು ನನಗೆ. ಸುಕ್ರಿಯತ್ತ ತಿರುಗಿ, “ಐದೂವರೆ. ಅದ್ರ ಹತ್ರ ಎಂತ ಕೇಳ್ತೆ? ಮಾತು ನನ್ನ ಹತ್ರ ಆಡು.”