ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ

ಬ್ರೆಡ್ಡು ಕಾಫಿ ಮಾರೋಕೆ ಯಾರಾದರೂ ಆರು ಕಾರು ನಿಲ್ಲಿಸೋ ಜಾಗ ಕೇಳ್ತಾರಾ? ನೀವೇ ಹೇಳಿ. ಪಕ್ಕದ ಮನೆ ಡೆಸ್ಮಂಡ್ ಟಿಯರ್ನಿ ಕೇಳಿದ್ದ. ಬಾಸ್ಟನ್ನಿಂದ ಬಂದು ಸರಿಯಾಗಿ ಎರಡು ವರ್ಷ ಆಗಿಲ್ಲ, ಆಗಲೇ ಮುಂದಿನ ಕೋಣೇಲಿ ಬೇಕರಿ ಇಡ್ತೀನಿ ಅಂತ, ಊರಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ತೀರ್ಮಾನಿಸೋ ಜೋನಿಂಗ್ ಬೋರ್ಡಿಗೆ ಅರ್ಜಿ ಹಾಕಿದ್ದ. ನಮ್ಮದು ಬರೀ ಮನೆಗಳಿರೋ ಬೀದಿ. ಇಲ್ಲಿ ಅಂಗಡಿ ತೆರೀಬೇಕಾದರೆ ಬೋರ್ಡಿನ ಐದು ಜನರಲ್ಲಿ ನಾಲ್ಕು ಜನ ಕೈ ಎತ್ತಬೇಕು.

"ಬೇಕರಿಯಂತೆ ಬೇಕರಿ!" ಅಂದಳು ಕೋನಿ. ನಮ್ಮ ಮನೆಯ ಇನ್ನೊಂದು ಪಕ್ಕದವಳು, ಮೂವತ್ತು ವರ್ಷದಿಂದ ಗೆಳತಿ. "ಇವತ್ತು ಬ್ರೆಡ್ಡು, ನಾಳೆ ವೈನು, ನಾಡಿದ್ದು ನಿನ್ನ ಗೇಟಿಗೆ ಅಡ್ಡ ಕಾರು. ಗಿಲ್‌ಗೆ ಏನಾದ್ರೂ ಆದ್ರೆ ಆಂಬುಲೆನ್ಸ್ ಹಾರ್ಕೊಂಡು ಬರುತ್ತಾ, ಫಿಲೂ?"

ಗಿಲ್ ನನ್ನ ಅಣ್ಣ. ಐದು ವರ್ಷದ ಹಿಂದೆ ಪಾರ್ಶ್ವವಾಯು ಹೊಡೀತು. ಕಲಿತ ಇಂಗ್ಲಿಷೆಲ್ಲ ಹೋಗಿ, ಅಮ್ಮ ಆಡಿಸಿದ ಪೋರ್ಚುಗೀಸ್ ಮಾತ್ರ ಉಳೀತು. ಅವನಿಗೆ ಮೆಟ್ಟಿಲು ಹತ್ತೋಕಾಗಲ್ಲ ಅಂತ ನನ್ನ ಗಂಡ ಹಿತ್ತಿಲಲ್ಲಿ ತಾನೇ ಒಂದು ಕೋಣೆ ಕಟ್ಟಿಕೊಟ್ಟ, ಆಮೇಲೆ ತಾನು ತೀರಿಹೋದ. ಆ ಕೋಣೆ ಇಲ್ಲ ಅಂದರೆ ಗಿಲ್‌ನ ಯಾವುದೋ ಆರೈಕೆ ಮನೆಗೆ ಸೇರಿಸಬೇಕು. ಅಲ್ಲಿ ಅವನು ನೀರು ಕೇಳಿದರೂ ಯಾರಿಗೂ ತಿಳಿಯಲ್ಲ.

ಶನಿವಾರ ಬೋರ್ಡಿನವರು ಜಾಗ ನೋಡೋಕೆ ಬಂದರು. ಸಭೆಯ ಹೊರಗೆ ಅರ್ಜಿ ವಿಷಯ ತುಟಿ ಬಿಚ್ಚಬಾರದು ಅಂತ ಕಾನೂನು. ಐದೂ ಜನ ಹುಲ್ಲಿನ ಮೇಲೆ ಮೂಗರ ಹಾಗೆ ನಿಂತು ಆಕಾಶ ನೋಡಿದರು, ಮೋರಿ ನೋಡಿದರು. ಡೆಸ್ಮಂಡ್ ತಟ್ಟೆ ತುಂಬ ಬನ್ನು ತಂದ. ಯಾರೂ ಮುಟ್ಟಲಿಲ್ಲ.

"ಮುಟ್ಟಲಿಲ್ಲ ಅಂದ್ರೆ ಮೊದಲೇ ತಿಂದಿದ್ದಾರೆ ಅಂತ," ಅಂದಳು ಕೋನಿ, ನಮ್ಮ ಅಡುಗೆಮನೆಯ ಪರದೆ ಸಂದಿಯಿಂದ ಇಣುಕುತ್ತಾ. ನನಗೂ ಹಾಗೇ ಅನ್ನಿಸಿತ್ತು.

ಸಭೆಯಲ್ಲಿ ನಾನು ಸುಮ್ಮನಿರ್ತೀನಾ? ಎದ್ದು ಕೇಳೇಬಿಟ್ಟೆ: "ಈ ಮನುಷ್ಯನ ಗಡಿ ಎಲ್ಲಿ ಅಂತ ಯಾರಾದ್ರೂ ಅಳೆದಿದ್ದೀರಾ? ಕಾರಿನ ಜಾಗ ನಮ್ಮ ಕಡೆ ನುಗ್ಗಿದೆ. ಮೊದಲು ಸರ್ವೆ ಮಾಡಿಸಿ." ಅಧ್ಯಕ್ಷ ನಾರ್ಮ್ ಬೆಟೆನ್‌ಕೋರ್ಟ್ ಕನ್ನಡಕ ತೆಗೆದು ಒರೆಸಿ, ತೀರ್ಮಾನವನ್ನ ಮುಂದಿನ ತಿಂಗಳಿಗೆ ಹಾಕಿದ. ಕೋನಿ ಖುಷಿಗೆ ನನ್ನ ತೊಡೆ ಚಿವುಟಿದಳು.

ಸರ್ವೆಯವರು ಬಂದು ಗೂಟ ಹೊಡೆದರು. ಅವನ ಕಾರಿನ ಜಾಗ ಕರಾರುವಾಕ್ಕಾಗಿತ್ತು. ಗಡಿಗೆ ಅಂಟಿಕೊಂಡು ನಿಂತಿದ್ದು ನಮ್ಮ ಗಿಲ್‌ನ ಕೋಣೆ! ಕಾನೂನು ಪ್ರಕಾರ ಗಡಿ ಪಕ್ಕ ಖಾಲಿ ಬಿಡಬೇಕಾದ ಜಾಗದೊಳಗೆ ನಾಲ್ಕು ಅಡಿ ಬಂದಿತ್ತು. ಕಟ್ಟಡದ ಇನ್ಸ್‌ಪೆಕ್ಟರು ಮುಖ ತಗ್ಗಿಸಿ ಹೇಳಿದ, "ಬೋರ್ಡಿನ ಹತ್ರ ಅನುಮತಿ ಕೇಳಿ, ಮಿಸೆಸ್ ಅರೂಡಾ. ಅವರು ಕೊಡದಿದ್ರೆ ಕೆಡವಬೇಕಾಗುತ್ತೆ." ನಾನೇ ಬಾಯಿ ಮಾಡಿ ಕರೆಸಿದ ಸರ್ವೆ.

ಮುಂದಿನ ತಿಂಗಳು ಮೊದಲು ನನ್ನ ಅರ್ಜಿ, ಆಮೇಲೆ ಡೆಸ್ಮಂಡ್‌ದು. ಗಿಲ್ ಬಗ್ಗೆ ಹೇಳ್ತಾ ಹೇಳ್ತಾ ಅತ್ತೂಬಿಟ್ಟೆ. ನಾರ್ಮ್ ತಲೆ ಆಡಿಸಿದ.

"ಫಿಲೊಮೆನಾ, ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ಕಾನೂನು ಮನುಷ್ಯರ ಕಷ್ಟ ಕೇಳಲ್ಲ, ನೆಲದ ಕಷ್ಟ ಕೇಳುತ್ತೆ. ಹಿತ್ತಿಲಲ್ಲಿ ಅಷ್ಟು ಜಾಗ ಇದ್ದರೂ ಗಡಿಗೇ ತಾಗಿಸಿ ಯಾಕೆ ಕಟ್ಟಿದರು?"

ನನಗೇನು ಗೊತ್ತು? ಕಟ್ಟಿದವನು ಮಣ್ಣಲ್ಲಿ ಮಲಗಿದ್ದಾನೆ. ಅಷ್ಟರಲ್ಲಿ ಡೆಸ್ಮಂಡ್ ಎದ್ದ. ಮುಗೀತು ಕಥೆ, ಸೇಡು ತೀರಿಸ್ಕೊಳ್ತಾನೆ ಅಂದುಕೊಂಡೆ.

"ಬಂಡೆ ಇದೆ ಸರ್," ಅಂದ. "ನಾನು ಪೈಪು ಹಾಕೋಕೆ ಅಗೆದಾಗ ಮೊಳದಾಳಕ್ಕೇ ಸಿಕ್ತು. ಅದೇ ಬಂಡೆ ಇವರ ಹಿತ್ತಿಲಿಗೂ ಹಬ್ಬಿದೆ. ಸರ್ವೆಯವರಿಗೆ ಹಿಂದಿನ ಮೂಲೇಲಿ ಗೂಟಾನೂ ಇಳಿಸೋಕಾಗಲಿಲ್ಲ, ಅವರನ್ನೇ ಕೇಳಿ. ಗಡಿ ಪಕ್ಕ ಕೋಣೆ ಇರೋ ಆ ಮಣ್ಣಿನ ತುಂಡು ಬಿಟ್ಟು ಬೇರೆಲ್ಲೂ ಪಾಯ ತೆಗೆಯೋಕಾಗಲ್ಲ. ಪಕ್ಕದಲ್ಲಿರೋನು ನಾನು. ನನಗೇನೂ ತೊಂದರೆ ಇಲ್ಲ."

ಐದೂ ಕೈ ಎದ್ದವು. ನನ್ನ ಕಣ್ಣಲ್ಲಿ ನೀರು ಬಂತು. ಅದರ ಬೆನ್ನಿಗೇ ಅನುಮಾನವೂ ಬಂತು: ಇವನಿಗೆ ನನ್ನಿಂದ ಏನು ಬೇಕು?

ಏನು ಅಂತ ತಿಳಿಯೋಕೆ ಹೊತ್ತಾಗಲಿಲ್ಲ. ಬೇಕರಿ ಅರ್ಜಿ ತಗೊಂಡು ನಾರ್ಮ್ ಕೂಗಿದ, "ಆಕ್ಷೇಪಣೆ ಇದ್ದವರು ಎದ್ದು ನಿಲ್ಲಿ." ಇಡೀ ಸಭೆ ತಿರುಗಿ ನನ್ನನ್ನೇ ನೋಡಿತು. ಕೋನಿ ಮೊಣಕೈಯಲ್ಲಿ ತಿವಿದಳು. ಕಾರು, ಗೇಟು, ಆಂಬುಲೆನ್ಸು, ಎಲ್ಲಾ ನಾಲಿಗೆ ತುದೀಲೇ ಇತ್ತು. ಆದರೆ ಯಾವ ಮುಖ ಇಟ್ಕೊಂಡು ಏಳಲಿ? ಕೂತೇ ಇದ್ದೆ. ನಾಲ್ಕು ಕೈ ಎದ್ದವು, ಅವನದೂ ಪಾಸಾಯ್ತು. ಡೆಸ್ಮಂಡ್ ನನ್ನ ಕಡೆ ತಿರುಗಿಯೂ ನೋಡದೆ ಹೊರಗೆ ಹೋದ.

ಹೊರಗೆ ಕಾರಿನ ಬಾಗಿಲು ತೆಗೆದು "ಹತ್ತು" ಅಂದೆ. ಕೋನಿ ಹತ್ತಲಿಲ್ಲ.

"ಯಾವಾಗಿಂದ ನಡೀತಿದೆ ಇದು?"

"ಯಾವುದು ಕಣೇ?"

"ಅವನು ನಿನಗೆ ಬಂಡೆ ಹುಡುಕಿ ಕೊಡೋದು, ನೀನು ಬಾಯಿಗೆ ಬೀಗ ಹಾಕ್ಕೊಳ್ಳೋದು. ನನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ನಾಟಕ ಆಡಿದ್ಯಲ್ಲೇ, ಫಿಲೂ!"

"ಅಮ್ಮನಾಣೆಗೂ ಇಲ್ಲ ಕಣೇ. ಅವನ ಜೊತೆ ನಾನು ಮಾತೇ ಆಡಿಲ್ಲ."

"ಅದೇ ಮತ್ತೆ. ಮಾತಾಡೋದು ಯಾರಿಗೂ ಕಾಣದ ಹಾಗೆ ನೋಡ್ಕೊಂಡ್ರಿ." ನಾನು ತೆಗೆದ ಕಾರಿನ ಬಾಗಿಲನ್ನ ದಢಾರನೆ ಮುಚ್ಚಿದಳು. "ಬೋರ್ಡಿನ ತೀರ್ಮಾನ ಒಪ್ಪದವರು ಕೋರ್ಟಿಗೆ ಹೋಗೋಕೆ ಇಪ್ಪತ್ತು ದಿನ ಅವಕಾಶ ಇದೆ ಅಂದ್ನಲ್ಲ ನಾರ್ಮ್. ಹೋಗ್ತೀನಿ. ಅವನ ಬೇಕರಿ ಮೇಲೂ, ನಿನ್ನ ಕೋಣೆ ಮೇಲೂ."

"ಗಿಲ್ ಏನೇ ಮಾಡಿದ್ದಾನೆ ನಿನಗೆ? ನಿನ್ನ ಕೈಯಾರೆ ಅವನಿಗೆ ಸೂಪು ಕುಡಿಸಿದ್ದೀಯ!"

"ಅದನ್ನ ನೆನೆಸ್ಕೊಂಡೇ ಮೈ ಉರೀತಿರೋದು," ಅಂದವಳೇ ನಡ್ಕೊಂಡೇ ಹೊರಟುಬಿಟ್ಟಳು.

ಕೂಗಿದೆ, ಹಿಂದೆ ಓಡಿದೆ, ಇನ್ನೊಂದು ಆಣೆ ಇಟ್ಟೆ. ತಿರುಗಲಿಲ್ಲ. ಅವಳನ್ನ ಬೈಯೋಕೂ ನನಗೆ ಬಾಯಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಂಬ್ತಿರಲಿಲ್ಲ.

ಮನೆಗೆ ಬಂದಾಗ ಗಿಲ್ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದ.

"ಉಳೀತಾ?" ಅಂತ ಕೇಳಿದ.

"ಇಪ್ಪತ್ತು ದಿನ ಕಾಯಬೇಕು," ಅಂದೆ.