ಮುಂದಿನ ಊರಿನಲ್ಲಿ ಬಿಚ್ಚೋಣ

ಕಬ್ಬಿಣದ ರುಚಿ, ನಾಲಿಗೆಯ ತುದಿಗೆ ತಣ್ಣಗೆ, ಈ ಮೇ ತಿಂಗಳ ನಾಗಪುರದಲ್ಲಿ ತಣ್ಣಗಿರುವುದು ಇದೊಂದೇ — ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಕಲಾವತಿ ಮರದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಹೊರಗೆ ಲಾರಿಯ ಹಾರ್ನು, ಜಲ್ದೀ ಕರಾ ತಾಯಿ ಎಂದು ಡ್ರೈವರನ ಅವಸರ, ಮುಚ್ಚಳದ ಮೇಲೆ ಜೋಧಪುರ, ಅದನ್ನು ಅಳಿಸಿ ತಾಂಬರಂ, ಜೋರಹಾಟ, ನಾಗಪುರ, ಎಲ್ಲದರ ಮೇಲೆ ಇನ್ನೂ ಒಣಗದ ಬಿಳಿ ಬಣ್ಣದಲ್ಲಿ ಬರೇಲಿ, ಏರ್‌ಫೋರ್ಸಿನವರ ಸಾಮಾನಿನ ಮೇಲೆ ಊರುಗಳು ಹೀಗೇ ಬಂದು ಹೋಗುತ್ತವೆ, ಒಳಗಿನ ಹೆಣಿಗೆ ಮಷೀನು ಮಾತ್ರ ಅದೇ, ಬೈಲಹೊಂಗಲದಲ್ಲಿ ಅಪ್ಪ ಮದುವೆಗೆ ಕೊಟ್ಟದ್ದು, ಸ್ವೆಟರ್ ಹೆಣಿ ಮಗಳ, ನಿನ್ನ ಕಾಲಮ್ಯಾಲ ನೀ ನಿಂದರು, ಅಪ್ಪ ಹೋಗಿಯೇ ಬಿಟ್ಟ, ಸ್ವೆಟರ್ ಒಂದೂ ಆಗಲಿಲ್ಲ. ಜೋಧಪುರದಲ್ಲಿ, ಹೇಗೂ ಪೋಸ್ಟಿಂಗ್ ಬರುತ್ತದಲ್ಲ, ಮುಂದಿನ ಊರಿನಲ್ಲಿ ಬಿಚ್ಚೋಣ. ತಾಂಬರಂನ ಸೆಖೆಯಲ್ಲಿ ಉಣ್ಣೆ ಯಾರಿಗೆ ಬೇಕು. ಜೋರಹಾಟದಲ್ಲಿ ಶಾಮ ಹೊಟ್ಟೆಯಲ್ಲಿದ್ದ — ಎಲ್ಲ ಊರಿನಲ್ಲೂ ನಾಲ್ಕು ಮಂದಿಯ ಮುಂದೆ ಅವಳದು ಒಂದೇ ಮಾತು, ಇವರ ನೌಕರಿಯೊಳಗ ನನ್ನ ಜೀವನಾನ ಪೆಟಿಗ್ಯಾಗ ಹೋತ್ರಿ, ಬಸವಂತ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ, ಪಾಪ, ಎಂಥ ಗಂಡ, ಒಂದು ದಿನವೂ ತಿರುಗಿ ಅನ್ನಲಿಲ್ಲ.

ಮೊನ್ನೆ ಧರಮಪೇಠದ ಕಾಶಿಬಾಯಿ, ನಮ್ಮ ಕಡೆಯವಳೇ, ಹೊಲಿಗೆ ಕ್ಲಾಸು ನಡೆಸುವಾಕೆ, ಬಂದು ಮುಚ್ಚಳ ತೆಗೆಸಿದಳು, ಸೂಜಿಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು, ಕಲಾವತಿಗೆ ಅಪ್ಪನ ಮುಖ ನೋಡಿದಂತಾಗಿ ಅಳು ಬಂತು, ಅದಕ್ಯಾಕ ಅಳ್ತೀರಿ, ಸೂಜಿ ಸೀತಾಬರ್ಡಿ ಪ್ಯಾಟ್ಯಾಗ ಸಿಗ್ತಾವ, ಎಣ್ಣಿ ಹಾಕಿದ್ರ ಬರೋಬರ್ ನಡೀತೈತಿ, ನಮ್ಮ ಮನಿ ಹಿಂದಿನ ಕೋಲಿ ಖಾಲಿ ಐತಿ, ಮಷೀನ್ ಅಲ್ಲೇ ಇಟ್ಟು ಹೆಣಿಗಿ ಸುರು ಮಾಡ್ರಿ, ಲಾರಿ ಹೊಂಡೂದ್ರೊಳಗ ಹೇಳ್ರಿ. ಊಟಕ್ಕೆ ಕೂತಾಗ ಬಸವಂತನೂ, ನೀ ಇರಾಕಿ ಇದ್ರ ಇರು ಕಲಾ, ಶಾಮನ ಸಾಲಿ ಮುಗಿಯೂತನಾ ಕ್ವಾರ್ಟರ್ಸ್ ಬಿಡಸಂಗಿಲ್ಲ, ನಾ ಒಬ್ಬಾಂವ ಹೊಕ್ಕೀನಿ, ರೊಟ್ಟಿ ಮುರಿಯುತ್ತ ಎಷ್ಟು ಹಗುರಾಗಿ ಅಂದುಬಿಟ್ಟ, ಅವಳಿಗೆ ಸಿಟ್ಟೇ ಬಂತು, ಯಾಕೆ ಬಂತು, ಬಯ್ಯಲು ಇನ್ನು ಯಾರೂ ಉಳಿಯಲಿಲ್ಲವೆಂದೇ, ಮಷೀನಿಗೆ ಕೂತರೆ ಕೈ ಬರದಿದ್ದರೆ ಎಂದೇ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಷ್ಟು ದಿನ ಡೊಂಕಾಗಿತ್ತು, ಈಗ ಸಮ ಮಾಡಿಕೊಟ್ಟಿದ್ದಾರೆ, ಕುಣಿಯಮ್ಮ — ಬೆಳಿಗ್ಗೆ ಯಾರೂ ಹೇಳದೆ ಹಣ್ಣಿನ ಪೆಟ್ಟಿಗೆಯವನ ಹತ್ತಿರ ಹಲಗೆ ಕೇಳಿ ತಂದು ಮುಚ್ಚಳಕ್ಕೆ ಬಡಿಯುತ್ತಿರುವ ಈ ಕೈ ಯಾರದು, ಜೋಧಪುರದಲ್ಲೂ ಸುತ್ತಿಗೆ ಇದೇ ಕೈಯಲ್ಲಿತ್ತು, ಬಸವಂತ ಮೊಳೆ ಎತ್ತಿಕೊಡಲು ಕೂಡ ಮನೆಯಲ್ಲಿರಲಿಲ್ಲ, ಹೇಳಿಬಿಡಬೇಕು, ಇದನ್ನ ಇಳಸ್ರಿ, ನಾ ಇಲ್ಲೇ ಇರತೇನಿ.

ಬಸವಂತ ಬಾಗಿಲಲ್ಲಿ ನಿಂತಿದ್ದಾನೆ, ಲಗೂನ ಹೇಳು ಕಲಾ, ಏರಸಲೋ ಬಿಡಲೋ, ಅವನ ಕಣ್ಣಲ್ಲಿ ಒತ್ತಾಯವಿಲ್ಲ, ಬರೀ ಕಾಯುತ್ತಿದ್ದಾನೆ, ಬಾಯಿ ತೆರೆದರೆ ಮೊಳೆ ಬೀಳುತ್ತದೆ, ಅಷ್ಟೇ ತಾನೆ, ಬೀಳಲಿ — ಅವಳ ತಲೆ ಹೂಂ ಎಂದು ಆಡಿತು, ಪ್ರತಿ ಊರಿನಲ್ಲೂ ಆಡಿದ ಹಾಗೆ, ಹಮಾಲರು ಪೆಟ್ಟಿಗೆ ಎತ್ತಿದರು, ಅದು ಇದ್ದ ಜಾಗ ಚೌಕಾಗಿ, ಧೂಳಿಲ್ಲದೆ ಉಳಿಯಿತು, ಅವಳು ಬಾಗಿಲಿಗೆ ಬರುವಷ್ಟರಲ್ಲಿ ಲಾರಿ ತಿರುವು ದಾಟಿತು, ಯಾರೂ ತಡೆಯಲಿಲ್ಲ ನನ್ನನ್ನು, ಈಗಲಾದರೂ ಬಸವಂತನಿಗೆ ಅಷ್ಟು ಹೇಳಬೇಕು, ಹೇಳಲು ತುಟಿ ಬಿಡುತ್ತಿಲ್ಲ, ಉಪ್ಪುಪ್ಪು ಕಬ್ಬಿಣ, ಹೊಡೆಯಲು ಮರೆತ ಕೊನೆಯ ಮೊಳೆ