ಎರಡನೆಯ ಸಲ ಕಂಡ ಹೆಸರು

ಅನುಮಾನ ನಮ್ಮ ಮನೆತನದ ಕಸುಬು. ನಮ್ಮ ತಾತ ಅರಮನೆಯ ಉಗ್ರಾಣದ ಬೀಗದ ಕೈ ಇಟ್ಟುಕೊಂಡಿದ್ದವರು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುತ್ತಿದ್ದರಂತೆ. ಅವರ ಹೆಸರು ದೊರೆಸ್ವಾಮಿ, ನನ್ನದೂ ಅದೇ. ಅಜ್ಜಿ ಗಂಡನ ಹೆಸರು ಬಾಯಲ್ಲಿ ಹೇಳುವಂತಿರಲಿಲ್ಲವಲ್ಲ, ಹಾಗಾಗಿ ಸಾಯುವ ತನಕ ನನ್ನನ್ನು ‘ಮರಿ’ ಎಂದೇ ಕರೆದಳು. ಹೆಸರಿನ ಜೊತೆಗೆ ತಾತನ ಬುದ್ಧಿಯೂ ನನಗೆ ಬಂದಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ನಾನು ಮೈಸೂರಿನ ಒಂದು ಗೃಹ ನಿರ್ಮಾಣ ಸಹಕಾರ ಸಂಘದಲ್ಲಿ ಗುಮಾಸ್ತ. ಹೂಟಗಳ್ಳಿಯ ಆಚೆ ಸಂಘದ ಬಡಾವಣೆ ಕೊನೆಗೂ ಸಿದ್ಧವಾಗಿತ್ತು. ಮೊದಲ ಕಂತಿನಲ್ಲಿ ಅರವತ್ತು ನಿವೇಶನ. ಸದಸ್ಯತ್ವದ ಸಂಖ್ಯೆಯ ಪ್ರಕಾರ ಮೊದಲ ಅರವತ್ತು ಜನಕ್ಕೆ ಅವು ಸಿಗಬೇಕು. ಪಟ್ಟಿ ಮಾಡಲು ಅಧ್ಯಕ್ಷರಾದ ಪುಟ್ಟಮಾದಯ್ಯನವರು ಒಂದು ಕಂಪ್ಯೂಟರ್ ತರಿಸಿ, ಅದರ ಮುಂದೆ ಕೂರಲು ಮಧುಶ್ರೀ ಎಂಬ ಹುಡುಗಿಯನ್ನು ಮೂರು ತಿಂಗಳ ಮಟ್ಟಿಗೆ ನೇಮಿಸಿದರು. ಇಪ್ಪತ್ತೆರಡರ ಹುಡುಗಿ, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ನಾನು ನಂಬುವುದಿಲ್ಲ. ಮಾತು ಜಾಸ್ತಿ ಇರುವವರನ್ನೂ ನಂಬುವುದಿಲ್ಲ, ಆ ಮಾತು ಬೇರೆ.

ದಿನವೂ ಅವಳ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಮೇಲೆ ಏನೋ ಓಡುತ್ತಿತ್ತು, ನನಗೆ ಒಂದೂ ತಿಳಿಯುತ್ತಿರಲಿಲ್ಲ. ತಿಳಿಯದೆ ಕಾವಲು ಕಾಯುವುದು ಹೇಗೆ? ಅದಕ್ಕೇ ಒಂದು ದಿನ, “ನಂಗೂ ಸ್ವಲ್ಪ ಹೇಳ್ಕೊಡಮ್ಮ,” ಎಂದೆ. ಅವಳು ಖುಷಿಯಿಂದ ಒಪ್ಪಿದಳು. ಅಷ್ಟು ಸುಲಭವಾಗಿ ಒಪ್ಪಿದ್ದೂ ನನಗೆ ಸರಿ ಕಾಣಲಿಲ್ಲ.

ದಿನಾ ನಾಲ್ಕು ಗಂಟೆಗೆ ಪಾಠ. ಆ ಭಾಷೆಯ ಹೆಸರು ಪರ್ಲ್. ಬರಹವನ್ನು ಸಾಲು ಸಾಲಾಗಿ ಓದಿ, ಬೇಕಾದ್ದನ್ನು ಆರಿಸಿ ಕೊಡುವುದು ಅದರ ಕೆಲಸ. ನಮ್ಮ ಪಟ್ಟಿಯ ಪ್ರತಿ ಸಾಲಿನಲ್ಲೂ ನಾಲ್ಕು ಮನೆ: ಸಂಖ್ಯೆ, ಹೆಸರು, ತಂದೆಯ ಹೆಸರು, ವಿಳಾಸ. ನಡುವೆ ಒಂದೊಂದು ನಿಂತ ಗೆರೆ. ಗೆರೆ ಇರುವಲ್ಲಿ ಮುರಿ ಎಂದರೆ ಪರ್ಲ್ ಸಾಲನ್ನು ಅಚ್ಚುಕಟ್ಟಾಗಿ ನಾಲ್ಕು ತುಂಡು ಮಾಡುತ್ತಿತ್ತು. ಆದರೆ ಮೊದಲನೆಯ ತುಂಡಿಗೆ ಸೊನ್ನೆ ಎನ್ನಬೇಕಂತೆ, ಎರಡನೆಯದಕ್ಕೆ ಒಂದು. ಮೊದಲನೆಯದನ್ನು ಸೊನ್ನೆ ಎನ್ನುವ ಭಾಷೆಯನ್ನು ಯಾರು ನಂಬುತ್ತಾರೆ? ಸಾಲದ್ದಕ್ಕೆ ಎಲ್ಲದರ ಮೊದಲಿಗೂ ಒಂದು ಡಾಲರ್ ಗುರುತು. ಸಾಲಿನ ಕೊನೆಯ ಅರ್ಧವಿರಾಮ ಮರೆತು ಮೊದಲ ವಾರವೆಲ್ಲ ಬೈಸಿಕೊಂಡೆ. ಬೈದದ್ದು ಯಂತ್ರ, ಹುಡುಗಿಯಲ್ಲ.

ಎರಡನೆಯ ವಾರ ಒಂದು ಸೊಗಸಾದ ಪಾಠವಾಯಿತು. ಬಾಳೆ, ಸೀಬೆ, ಬಾಳೆ, ಸಪೋಟ ಎಂದು ನಾಲ್ಕು ಸಾಲು ಬರೆದು ಅವಳು ಹೇಳಿದಳು: “ನೋಡಿ ಸಾರ್, ಒಂದೊಂದು ಸಾಲು ಬಂದಾಗ್ಲೂ ಇದನ್ನ ಮುಂಚೆ ಕಂಡಿದ್ದೀಯಾ ಅಂತ ಕೇಳ್ಬೇಕು. ಕಂಡಿಲ್ದೇ ಇದ್ರೆ ಬರೀತದೆ, ಕಂಡಿದ್ರೆ ಬಿಟ್ಬುಡ್ತದೆ.” ಕೀಲಿ ಒತ್ತಿದಳು. ಎರಡನೆಯ ಬಾಳೆ ಮಾಯವಾಯಿತು.

ನನಗೆ ಮೈ ಜುಂ ಎಂದಿತು. ಒಂದೇ ಸಾಲಿನಲ್ಲಿ ಇಡೀ ಊರಿನ ನಕಲಿಗಳನ್ನು ಹಿಡಿಯಬಹುದಲ್ಲ!

“ಆದ್ರೆ ಸಾರ್,” ಎಂದಳು, “ತೆಗೆಯೋಕೆ ಮುಂಚೆ, ಏನೇನು ತೆಗೀತದೆ ಅನ್ನೋದನ್ನ ಬೇರೆ ಫೈಲಿಗೆ ಬರೆಸ್ಕೊಂಡು ಕಣ್ಣಾರೆ ನೋಡ್ಬೇಕು.”

ಕೆಲಸ ಎಳೆಯುವವರ ಮಾತು ಎಂದುಕೊಂಡೆ.

ಆ ತಿಂಗಳ ಹದಿಮೂರರಂದು ಅವಳ ಅಕ್ಕನ ಸೀಮಂತ, ರಜೆ ಹಾಕಿದ್ದಳು. ನಮ್ಮ ಪಟ್ಟಿಯಲ್ಲಿ ಕೆಲವು ಹೆಸರು ಎರಡೆರಡು ಸಲ ಬೇರೆ ಬೇರೆ ಸಂಖ್ಯೆಯಲ್ಲಿ ಸೇರಿಕೊಂಡಿದ್ದವು. ಬೇಕೆಂದೇ ಬಿಟ್ಟಿದ್ದಾಳೆ ಎಂದು ನನ್ನ ಗುಮಾನಿ. ಅವಳ ಕುರ್ಚಿಯಲ್ಲಿ ಕೂತೆ. ಸಂಖ್ಯೆಯನ್ನು ಬಿಟ್ಟು ಉಳಿದ ಮೂರು ಮನೆ ಹೊಂದಿದರೆ ನಕಲು ಎಂದು ಬರೆದೆ. ಅದು ನನ್ನ ಮೊಟ್ಟಮೊದಲ ಸ್ವಂತ ಸಾಲು, ಅರ್ಧವಿರಾಮವನ್ನೂ ಮರೆತಿರಲಿಲ್ಲ. ಸಾವಿರದ ನೂರ ನಲವತ್ತಾರು ಸಾಲಿದ್ದದ್ದು ಸಾವಿರದ ನೂರ ಇಪ್ಪತ್ತೊಂಬತ್ತಾಯಿತು. ಹದಿನೇಳು ನಕಲು! ಹಳೆಯ ಫೈಲಿನ ಮೇಲೆಯೇ ಉಳಿಸಿ ಎದ್ದೆ. ಯಾರಿಗೂ ಹೇಳಲಿಲ್ಲ. ಅವಳಿಗೆ ಗೊತ್ತಾಗುತ್ತದೋ ಇಲ್ಲವೋ ನೋಡೋಣ ಎಂದು ಕಾದೆ. ಅವಳು ಎಂದಿನಂತೆ ಬಂದಳು, ಸಂಖ್ಯೆಯ ಪ್ರಕಾರ ಜೋಡಿಸಿ, ಮೊದಲ ನೂರು ಹೆಸರು ಅಚ್ಚು ಹಾಕಿ ನೋಟೀಸ್ ಬೋರ್ಡಿಗೆ ಅಂಟಿಸಿದಳು.

ಮರುದಿನ ಬೆಳಿಗ್ಗೆ ಗುರುಮಲ್ಲಪ್ಪನವರು ಹೆಂಡತಿ ದಾಕ್ಷಾಯಣಮ್ಮನ ಜೊತೆ ಬಂದರು. ಎಪ್ಪತ್ತು ದಾಟಿದ ಮನುಷ್ಯ. ಸಂಘ ಹುಟ್ಟಿದಾಗಿನ ಸದಸ್ಯ, ಸಂಖ್ಯೆ ನಲವತ್ತೊಂದು. ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಓದಿದರು. ನಲವತ್ತು ಇತ್ತು, ನಲವತ್ತೆರಡು ಇತ್ತು, ನಡುವೆ ಅವರಿರಲಿಲ್ಲ.

“ಇಪ್ಪತ್ತೇಳು ವರ್ಸದಿಂದ ಕಾಯ್ತಾ ಇವ್ನಿ ಕಣ್ರೀ,” ಎಂದರು. ಜಗಳ ಮಾಡಿದ್ದರೆ ಸರಿಹೋಗುತ್ತಿತ್ತು. ಅವರು ಬೆಂಚಿನ ಮೇಲೆ ಕೂತುಬಿಟ್ಟರು.

ನಾನು ಪೂರ್ತಿ ಪಟ್ಟಿ ತೆಗೆಸಿದೆ. ಗುರುಮಲ್ಲಪ್ಪ, ತಂದೆ ಬಸವಯ್ಯ, ವಿದ್ಯಾರಣ್ಯಪುರಂ ಎಂದು ಹೆಸರು ಇತ್ತು. ಆದರೆ ಸಂಖ್ಯೆ ಒಂಬೈನೂರ ಮೂರು! ಯಾರೋ ನಲವತ್ತೊಂದನ್ನು ಹಿಂದಕ್ಕೆ ತಳ್ಳಿದ್ದಾರೆ. ಒಬ್ಬರು ಹಿಂದೆ ಹೋದರೆ ಅರವತ್ತೊಂದನೆಯವನು ಒಳಗೆ ಬರುತ್ತಾನೆ. ಅರವತ್ತೊಂದು ಯಾರು? ಮಹದೇವಪ್ರಸಾದ್, ಮೇಟಗಳ್ಳಿ. ಮಧುಶ್ರೀಯ ಸೋದರಮಾವ. ಈ ಸಂಬಂಧ ಅವಳು ಹೇಳಿರಲಿಲ್ಲ, ನಾನೇ ಮೊದಲ ವಾರದಲ್ಲಿ ವಿಚಾರಿಸಿ ಇಟ್ಟುಕೊಂಡಿದ್ದೆ.

ನನ್ನ ಸಾಲಿನ ನೆನಪು ಬರಲಿಲ್ಲವೇ ಎಂದರೆ, ಬಂತು. ಅದು ತೆಗೆದದ್ದು ನಕಲುಗಳನ್ನು ಮಾತ್ರ ಎಂದು ಅಲ್ಲಿಗೇ ಬಿಟ್ಟೆ. ನನ್ನನ್ನು ಬಿಟ್ಟು ಉಳಿದೆಲ್ಲರನ್ನೂ ಅನುಮಾನಿಸುವುದು ನನಗೆ ಅಭ್ಯಾಸವಾಗಿತ್ತು.

ಅಧ್ಯಕ್ಷರಿಗೆ ಒಂದೂವರೆ ಪುಟದ ದೂರು ಬರೆದೆ. ಪುಟ್ಟಮಾದಯ್ಯನವರು ಅವಳನ್ನು ಕರೆಸಿ, ಶನಿವಾರದ ಸಭೆಯವರೆಗೆ ಬರಬೇಡ ಎಂದರು.

“ನಾನು ಯಾವ ಹೆಸರನ್ನೂ ಮುಟ್ಟಿಲ್ಲ ಸಾರ್,” ಎಂದಳು. ಅವಳ ಕೈ ನಡುಗುತ್ತಿತ್ತು. “ಹಿಂಗಂತ ಹೊರಗಡೆ ಗೊತ್ತಾದ್ರೆ ಇನ್ನೆಲ್ಲೂ ಕೆಲಸ ಕೊಡಲ್ಲ.”

ಕಳ್ಳರ ಕೈಯೂ ನಡುಗುತ್ತದೆ ಎಂದುಕೊಂಡೆ. ಆ ಮಾತು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಭೆಗೆ ಸಾಕ್ಷಿ ಬೇಕಿತ್ತು. ಅವಳಿಗೆ ತಿಳಿಯದಂತೆ ದಿನಾ ಸಂಜೆ ಪಟ್ಟಿಯ ಒಂದು ಪ್ರತಿಯನ್ನು ಫ್ಲಾಪಿಗೆ ಇಳಿಸಿ, ತಾರೀಖು ಬರೆದು ಚೀಲದಲ್ಲಿಟ್ಟುಕೊಳ್ಳುತ್ತಿದ್ದೆ. ಒಂದೊಂದನ್ನೇ ಹಾಕಿ, ಅವಳು ಕಲಿಸಿದ ಪರ್ಲಿನಿಂದಲೇ ಗುರುಮಲ್ಲಪ್ಪ ಎಂಬ ಸಾಲುಗಳನ್ನು ಹುಡುಕಿಸಿದೆ. ಹನ್ನೆರಡನೇ ತಾರೀಖಿನ ಫ್ಲಾಪಿಯಲ್ಲಿ ಎರಡು ಸಾಲು ಬಂತು. ಮೊದಲು ಒಂಬೈನೂರ ಮೂರು, ಅದರ ಎಷ್ಟೋ ಕೆಳಗೆ ನಲವತ್ತೊಂದು. ಹಳೆಯ ರಿಜಿಸ್ಟರು ಬೈಂಡಿಂಗಿಗೆ ಹೋಗಿದ್ದರಿಂದ ಅವಳು ಹೊಸದನ್ನೇ ಮೊದಲು ಟೈಪು ಮಾಡಿದ್ದಳು. ಹದಿಮೂರರ ಫ್ಲಾಪಿಯಲ್ಲಿ ಒಂದೇ ಸಾಲು.

ಸಿಕ್ಕಿಬಿದ್ದಳು! ಹದಿಮೂರನೇ ತಾರೀಖು ಅವಳು ಎಷ್ಟು ಗಂಟೆಗೆ ಬಂದಳೆಂದು ತಿಳಿಯಲು ಹಾಜರಿ ಪುಸ್ತಕ ತೆಗೆದೆ. ಆ ಮನೆಯಲ್ಲಿ ಕೆಂಪು ಶಾಯಿಯಲ್ಲಿ ‘ರಜೆ’ ಎಂದಿತ್ತು. ಅಕ್ಷರ ನನ್ನದು.

ಪುಸ್ತಕ ಮುಚ್ಚಿದೆ. ಆ ದಿನ ಅವಳ ಕುರ್ಚಿಯಲ್ಲಿ ಕೂತದ್ದು ನಾನು. ಒಂದೇ ಒಂದು ದಾರಿ ಉಳಿದಿತ್ತು. ಎರಡೂ ಸಾಲು ಒಬ್ಬರದೇ ಆಗಿದ್ದರೆ ನನ್ನ ತಪ್ಪು ಅಷ್ಟೇನೂ ದೊಡ್ಡದಲ್ಲ. ಸೈಕಲ್ ಹತ್ತಿ ವಿದ್ಯಾರಣ್ಯಪುರಂಗೆ ಹೋದೆ.

ಬಾಗಿಲಲ್ಲಿ ದಾಕ್ಷಾಯಣಮ್ಮ ಅಕ್ಕಿ ಆರಿಸುತ್ತಿದ್ದರು. ಯಜಮಾನರು ಎರಡು ಸಲ ಸದಸ್ಯರಾಗಿದ್ದರಾ ಎಂದು ಕೇಳಿದೆ.

“ಇಲ್ಲ ಕಣಪ್ಪ, ಇನ್ನೊಂದು ನಮ್ ಮೊಮ್ಮಗಂದು. ಅಮರೇಶಂದು.”

“ಅಮರೇಶ್ ಅಂತ ಯಾರೂ ಇಲ್ವಲ್ಲಮ್ಮ ಪಟ್ಟೀಲಿ.”

ಆಕೆ ಮೊರ ಕೆಳಗಿಟ್ಟು ನಕ್ಕರು. “ಅಮರೇಶ ಅನ್ನೋದು ನಾನ್ ಕರೆಯೋಕೆ ಇಟ್ಕೊಂಡಿದ್ದು. ರೆಕಾರ್ಡ್‌ನಾಗೆ ಅವನಿಗೆ ಅವರ ತಾತನ ಹೆಸ್ರೇ. ಅದನ್ನ ನಾನ್ ಎಂಗಪ್ಪ ಬಾಯ್ತುಂಬಾ ಕರೆಯೋದು? ನಮ್ಮಾವ ಬಸವಯ್ಯ, ನನ್ ಮಗನೂ ಬಸವಯ್ಯ. ನಮ್ ಮನೇಲಿ ಹಿರೀ ಮಗಂಗೆ ತಾತನ ಹೆಸ್ರೇ ಇಡೋದು.”

ಹೆಸರು ಅದೇ, ತಂದೆಯ ಹೆಸರು ಅದೇ, ಮನೆಯೂ ಅದೇ. ತಾತ ಮೊಮ್ಮಗ ಇಬ್ಬರೂ ಬದುಕಿದ್ದರು, ನಾನು ಎರಡನೆಯ ಬಾಳೆಯನ್ನು ತೆಗೆದಂತೆ ತಾತನನ್ನು ತೆಗೆದುಹಾಕಿದ್ದೆ. ಯಂತ್ರಕ್ಕೆ ಗೊತ್ತಿಲ್ಲ, ಸರಿ. ಅಜ್ಜಿಯ ಬಾಯಲ್ಲಿ ಹುಟ್ಟಿದಾಗಿನಿಂದ ‘ಮರಿ’ ಎನಿಸಿಕೊಂಡು ಬೆಳೆದ ದೊರೆಸ್ವಾಮಿಗೆ ಗೊತ್ತಿರಲಿಲ್ಲವೇ? ಆಕೆ ಕೊಟ್ಟ ಕಾಫಿ ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದೆ.

ಶನಿವಾರದ ಸಭೆಗೆ ಮಧುಶ್ರೀಯನ್ನೂ ಕರೆಸಿದ್ದರು. ಗೋಡೆಗೆ ಒರಗಿ ನಿಂತಿದ್ದಳು. ನಾನು ಎದ್ದು, ತೆಗೆದದ್ದು ನಾನು, ಅವಳದೇನೂ ತಪ್ಪಿಲ್ಲ ಎಂದೆ. ಯಾರೂ ನಂಬಲಿಲ್ಲ.

“ಯಾಕ್ರೀ ದೊರೆಸ್ವಾಮಿ,” ಪುಟ್ಟಮಾದಯ್ಯನವರು ಕಣ್ಣು ಕಿರಿದು ಮಾಡಿದರು, “ಬುಧವಾರ ಅವಳೇ ಕಳ್ಳಿ ಅಂತ ಬರ್ಕೊಟ್ರಿ. ಇವತ್ತು ನಾನೇ ಅಂತೀರಿ. ಅವಳ ಮಾವ ಬಂದು ನಿಮ್ಮನ್ನ ಕಂಡ್ಬುಟ್ನಾ?”

ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಎಂಟು ಜನರ ಹದಿನಾರು ಕಣ್ಣು. ಎರಡು ತಿಂಗಳು ಆ ಹುಡುಗಿಯ ಬೆನ್ನ ಮೇಲೆ ನಾನು ಇಟ್ಟಿದ್ದ ಕಣ್ಣು ಇಂಥದ್ದೇ.

“ನಿಮ್ಮ ತಂದೆಯವರ ಹೆಸ್ರೇನು ಸಾರ್?” ಎಂದು ಕೇಳಿದೆ.

“ಚಾಮಯ್ಯ. ಯಾಕೆ?”

“ಮಗನ ಹೆಸ್ರು?”

“ಚಾಮಯ್ಯನೇ.”

“ಮೊಮ್ಮಗಂದು?”

“ನಂದೇ,” ಎಂದರು ಮೆಲ್ಲಗೆ.

ಎಲ್ಲರನ್ನೂ ಕಂಪ್ಯೂಟರಿನ ಹತ್ತಿರ ಕರೆದೆ. ಮೊದಲು ಮೊಮ್ಮಗನನ್ನು ಬರೆದೆ, ಆಮೇಲೆ ಅಧ್ಯಕ್ಷರನ್ನು. ಸಂಖ್ಯೆ ಬೇರೆ, ಉಳಿದ ಮೂರು ಮನೆ ಒಂದೇ. ಹದಿಮೂರನೇ ತಾರೀಖಿನ ನನ್ನ ಸಾಲನ್ನು ಅಕ್ಷರ ಬಿಡದೆ ಅವರೆದುರೇ ಟೈಪು ಮಾಡಿ ಕೀಲಿ ಒತ್ತಿದೆ. ಒಂದು ಸಾಲು ಉಳಿಯಿತು. ಪುಟ್ಟಮಾದಯ್ಯನವರು ಕನ್ನಡಕ ಏರಿಸಿ ಪರದೆಯಲ್ಲಿ ತಮ್ಮನ್ನು ಹುಡುಕಿದರು.

“ಅಲ್ಲಾ, ನಾನ್ ಎಲ್ಗೋದೆ?” ಎಂದರು.

ಆಮೇಲೆ ನನ್ನ ದೂರನ್ನು ಫೈಲಿನಿಂದ ತೆಗೆದು ನನ್ನ ಕೈಗೇ ಕೊಟ್ಟರು. ಅದನ್ನು ಹರಿದು, ಮಧುಶ್ರೀಯ ಮುಂದೆ ನಿಂತು ತಪ್ಪಾಯಿತು ಎಂದೆ. ಮಗಳ ವಯಸ್ಸಿನವಳ ಮುಂದೆ ಹಾಗೆ ನಿಲ್ಲುವುದು ಸುಲಭವಲ್ಲ, ಸುಲಭವಾಗಬಾರದು ಕೂಡ.

“ನನ್ನನ್ನ ಒಂದ್ ಮಾತು ಕೇಳಿದ್ರೆ ಆಗ್ತಿತ್ತಲ್ಲ ಸಾರ್,” ಎಂದಳು.

ಸೋಮವಾರ ಅವಳು ಬಂದಳು. ಹನ್ನೆರಡನೇ ತಾರೀಖಿನ ಫ್ಲಾಪಿ ಕೊಟ್ಟೆ, ಅದನ್ನು ಒಳಗೆ ಹಾಕಿದಳು. ಆದರೆ ಕುರ್ಚಿಯಲ್ಲಿ ಕೂರಲಿಲ್ಲ.

“ನೀವೇ ಹೊಡೀರಿ ಸಾರ್. ಏನೇನು ತೆಗೀತದೆ ಅಂತ ಮೊದ್ಲು ಬರೆಸಿ. ಒಂದೊಂದು ಹೆಸರಿಗೂ ಆ ಮನೆಗೆ ಹೋಗಿ ಕೇಳ್ಕೊಂಡ್ ಬನ್ನಿ. ಆಮೇಲೆ ತೆಗೆಯೋಣ.”

ಕೂತೆ. ಹದಿನೇಳು ಸಾಲು ಪರದೆಯ ಮೇಲೆ ಬಂದವು, ಅವುಗಳಲ್ಲಿ ನಲವತ್ತೊಂದನೇ ಸಂಖ್ಯೆಯ ಗುರುಮಲ್ಲಪ್ಪನವರೂ ಇದ್ದರು. ಅವರ ಸಾಲನ್ನು ವಾಪಸ್ ಈಗಿನ ಪಟ್ಟಿಗೆ ಸೇರಿಸಲು ಶುರು ಮಾಡಿದೆ. ಮಧುಶ್ರೀ ನನ್ನ ಕುರ್ಚಿಯ ಹಿಂದೆ ಬಂದು, ಕೈ ಕಟ್ಟಿ ನಿಂತಳು. ನಾನು ನಿಲ್ಲುತ್ತಿದ್ದ ಜಾಗದಲ್ಲೇ. ನನ್ನ ಬೆನ್ನು ಬಿಗಿಯಿತು, ಬೆರಳಿಗೆ ಅರ್ಧವಿರಾಮದ ಕೀಲಿ ಸಿಗಲಿಲ್ಲ. ಎರಡು ತಿಂಗಳು ಈ ಹುಡುಗಿ ಹೀಗೇ ಕೆಲಸ ಮಾಡಿದ್ದಳು.